ಅಲೆ ಆಮೇಲೆ, ಮೊದಲು ಬಂಡೆ

ಸಮುದ್ರದ ಚಿತ್ರ ಬರೆಯಲು ಕೂತವರೆಲ್ಲ ಮೊದಲು ಅಲೆಗೇ ಕೈ ಹಾಕುತ್ತಾರೆ. ಪೆನ್ಸಿಲ್ ಊರುವಷ್ಟರಲ್ಲಿ ಅದು ಒಡೆದು ಮುಗಿದಿರುತ್ತದೆ. ನೀನು ಹಾಗೆ ಮಾಡಬೇಡ ತಮ್ಮಾ. ಉಳ್ಳಾಲದ ಸೋಮೇಶ್ವರಕ್ಕೆ ಹೋಗು. ದೇವಸ್ಥಾನದ ಪಕ್ಕ ನೀರಿಗಿಳಿದ ಬಂಡೆಗಳಿವೆಯಲ್ಲ, ಅವನ್ನು ಮೊದಲು ಬರೆದುಕೋ. ಅವು ಎಲ್ಲಿಗೂ ಓಡುವುದಿಲ್ಲ. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ನೋಡು. ಅಲೆ ಬೇರೆಬೇರೆಯಾದರೂ ಬಂಡೆ ಅದೇ ತಾನೇ? ನೀರು ಬಡಿಯುವ ಜಾಗ, ಇಬ್ಭಾಗವಾಗುವ ರೀತಿ, ಬಿರುಕಿನೊಳಗಿಂದ ಇಳಿದುಹೋಗುವ ದಾರಿ ಹೆಚ್ಚುಕಡಿಮೆ ಹಾಗೇ ಮರುಕಳಿಸುತ್ತವೆ. ಒಂದು ಅಲೆಯಿಂದ ಏರು ತಗೋ, ಇನ್ನೊಂದರಿಂದ ಮಡಿಕೆ ತಗೋ. ಫೋಟೊ ತೆಗೆದು ಮನೆಯಲ್ಲಿ ಬರೆದರಾಯ್ತು ಅನ್ನುವವರ ನೀರು ಗಾಜಿನ ಹಾಗೆ ಬಿಗಿದುಕೊಂಡಿರುತ್ತದೆ, ನನಗಂತೂ ಹಿಡಿಸುವುದಿಲ್ಲ.

ನೊರೆಯನ್ನು ಬರೆಯಲು ಹೋಗಬೇಡ, ಬಿಟ್ಟುಬಿಡು. ಕಾಗದದ ಬಿಳಿಯೇ ನೊರೆ. ಅದರ ಹಿಂದಿನ ಬಂಡೆಯನ್ನೂ, ಒಡೆಯುವ ಮುಂಚೆ ನಮ್ಮತ್ತ ಎದ್ದು ನಿಂತ ಅಲೆಯ ಮೈಯನ್ನೂ ಕಪ್ಪು ಮಾಡಿದರೆ ಸಾಕು, ನೊರೆ ತಾನಾಗಿ ಎದ್ದು ಕಾಣುತ್ತದೆ. ಆ ಕಪ್ಪಿಗಾಗಿ ಎಚ್‌ಬಿಯನ್ನು ಒತ್ತಿ ತಿಕ್ಕಬೇಡ. ಗ್ರಾಫೈಟ್ ಒತ್ತಿದಷ್ಟೂ ಹೊಳೆಯುತ್ತದೆ, ಕಪ್ಪಾಗುವುದಿಲ್ಲ. 4ಬಿ, 6ಬಿಯಂಥ ಮೆತ್ತನೆಯ ಪೆನ್ಸಿಲ್ ಇಟ್ಟುಕೋ. 1795ರಲ್ಲಿ ಫ್ರಾನ್ಸಿನ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದಂದಿನಿಂದ ಲೆಕ್ಕ ಇಷ್ಟೇ: ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ. ನಮ್ಮ ಕರಾವಳಿಯ ಹಸಿ ಗಾಳಿಗೆ ಕಾಗದ ಮೆತ್ತಗಾಗಿರುತ್ತದೆ, ಗಟ್ಟಿ ಕಡ್ಡಿ ಅದನ್ನು ಗೀರಿಬಿಡುತ್ತದೆ. ಹಾಳೆಯ ಕೆಳಗೆ ಒಂದೇ ಒಂದು ಮರಳಿನ ಕಾಳು ಸೇರಿಕೊಂಡರೂ ಆಕಾಶದಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಹಲಗೆಯನ್ನು ಆಗಾಗ ಒರೆಸುತ್ತಿರು.

ನಿಂತು ಶುರುಮಾಡಿದ ಚಿತ್ರವನ್ನು ಕೂತು ಮುಗಿಸಬೇಡ. ದಿಗಂತ ಯಾವಾಗಲೂ ನಿನ್ನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ನಿಂತಾಗ ಅದರ ಕೆಳಗಿದ್ದ ಬಂಡೆಯ ತುದಿ ಕೂತ ಕೂಡಲೇ ಅದನ್ನು ದಾಟಿ ಮೇಲೆ ಹೋಗಬಹುದು. ಆ ಗೆರೆಯನ್ನು ಹಲಗೆಯ ಅಂಚಿಗೆ ಸಮವಾಗಿ ಎಳೆ, ಒಂಚೂರು ಓರೆಯಾದರೂ ಇಡೀ ಸಮುದ್ರ ಸುರಿದುಹೋಗುವಂತೆ ಕಾಣುತ್ತದೆ.

ಬೆಳಿಗ್ಗೆಯೇ ಹೋಗು. ನಮ್ಮದು ಪಡುಗಡಲು, ಆಗ ಬಿಸಿಲು ಬೆನ್ನಿಗಿರುತ್ತದೆ, ಬಂಡೆಯ ಮೈ ಚೆನ್ನಾಗಿ ಕಾಣುತ್ತದೆ. ಹಾಳೆಯನ್ನು ಮಾತ್ರ ನಿನ್ನ ನೆರಳಿನಲ್ಲೇ ಇಟ್ಟುಕೋ. ಸಂಜೆಯಾದರೆ ನೀರಿನ ಹೊಳಪು ನೇರ ಕಣ್ಣಿಗೇ ಹೊಡೆಯುತ್ತದೆ.

ಆ ಬಂಡೆಗಳ ಮೇಲೆ ಹತ್ತಿ ಕೂರಬೇಡ ಮಾರಾಯ. ಅಲ್ಲಿ ಜಾರಿ ನೀರುಪಾಲಾದವರಿದ್ದಾರೆ. ಮರಳಲ್ಲೇ ಕೂತು ಬರೆ, ಮಳೆಗಾಲದಲ್ಲಿ ಅಲ್ಲಿಗೂ ಇಳಿಯಬೇಡ.