ಅಕ್ವೇರಿಯಂ ಗಿಡಗಳಿಗೆ ಮನೆಯಲ್ಲೇ ಇಂಗಾಲದ ಡೈಆಕ್ಸೈಡ್

ಗಾಜಿನ ತೊಟ್ಟಿಯಲ್ಲಿ ನೀರುಗಿಡ ಬೆಳೆಸಿ ಮಾರೋ ಯೋಚನೆ ಇದೆಯಾ? ಬೆಳಕು, ಗೊಬ್ಬರ ಸರಿಯಿದ್ದೂ ಗಿಡ ಏಳದಿದ್ದರೆ ಕೊರತೆ ಹೆಚ್ಚಾಗಿ ಇಂಗಾಲದ್ದು. ಸಿಲಿಂಡರ್ ದುಬಾರಿ, ಸಣ್ಣ ತೊಟ್ಟಿಗಳಿಗೆ ನಾನು ಸಕ್ಕರೆ-ಯೀಸ್ಟ್ ಬಾಟಲಿಯನ್ನೇ ಬಳಸ್ತೀನಿ.

ಮಾಡೋದು ಹೀಗೆ:

1. ತಂಪುಪಾನೀಯದ 2 ಲೀಟರ್ ಬಾಟಲಿಗೆ 400 ಗ್ರಾಂ ಸಕ್ಕರೆ, ಕಾಲು ಚಮಚ ಒಣ ಯೀಸ್ಟ್ ಹಾಕಿ. ಮೂರರಲ್ಲಿ ಎರಡು ಭಾಗ ತುಂಬುವಷ್ಟು ಉಗುರುಬೆಚ್ಚಗಿನ ನೀರು ಸೇರಿಸಿ.
2. ಮುಚ್ಚಳಕ್ಕೆ ತೂತು ಕೊರೆದು ಗಾಳಿಪೈಪ್ ಬಿಗಿಯಾಗಿ ಕೂರಿಸಿ.
3. ನಡುವೆ ಅರ್ಧ ನೀರಿರುವ ಸಣ್ಣ ಬಾಟಲಿ ಇಡಿ. ಒಳಬರುವ ಪೈಪ್ ನೀರಲ್ಲಿ ಮುಳುಗಿರಲಿ, ಹೊರಹೋಗುವುದು ನೀರಿನ ಮೇಲಿರಲಿ. ಉಕ್ಕಿದ ನೊರೆ ಅಲ್ಲೇ ನಿಲ್ಲುತ್ತೆ.
4. ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ಚೆಕ್ ವಾಲ್ವ್ ಹಾಕಿ.

ಗುಳ್ಳೆ ಸುಮಾರು ಎರಡು ವಾರ ಬರುತ್ತೆ. ಆಮೇಲೆ ಹೊಸ ಮಿಶ್ರಣ.

ಪೈಪನ್ನು ಯಾವತ್ತೂ ಮುಚ್ಚಬೇಡಿ, ಒತ್ತಡಕ್ಕೆ ಬಾಟಲಿ ಸಿಡಿಯುತ್ತೆ. ರಾತ್ರಿ ಗಿಡ ಅನಿಲ ಹೀರಲ್ಲ, ಆದರೆ ಯೀಸ್ಟ್ ನಿಲ್ಲಲ್ಲ. ಹಾಗಾಗಿ ರಾತ್ರಿಯೆಲ್ಲ ಏರ್ ಪಂಪ್ ಓಡಲಿ. ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ತಕ್ಷಣ ಪೈಪ್ ತೊಟ್ಟಿಯಿಂದ ಹೊರಗೆ ತೆಗೆಯಿರಿ.

ಒಂದೇ ರಾತ್ರಿಗೆ ಮೀನೆಲ್ಲ ಸತ್ತರೆ ಹಾಕಿದ ದುಡ್ಡೂ ಹೋಯ್ತು. ಅದಕ್ಕೇ ಮೊದಲು ಒಂದೇ ತೊಟ್ಟಿಗೆ ಹಾಕಿ, ವಾರ ನೋಡಿ, ಆಮೇಲೆ ಉಳಿದವಕ್ಕೆ.