ಕೆಚ್ಚಲು ಬಾವು (ಮ್ಯಾಸ್ಟೈಟಿಸ್): ಪರೀಕ್ಷಾ ಟಿಪ್ಪಣಿ

• ಏನು?: ಕೆಚ್ಚಲಿನ ಹಾಲುಗ್ರಂಥಿಯ ಉರಿಯೂತ, ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ.

• ರೋಗಾಣುಗಳು: ಸ್ಟ್ಯಾಫಿಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಟಿಯೆ ಹಾಲು ಕರೆಯುವಾಗ ಹಸುವಿನಿಂದ ಹಸುವಿಗೆ ಹರಡುತ್ತವೆ, ಇ. ಕೋಲೈ ಸಗಣಿ, ಕೊಟ್ಟಿಗೆಯ ಕೊಳಕಿನಿಂದ ಬರುತ್ತದೆ.

• ವಿಧಗಳು: ಪ್ರಕಟ ಬಾವಿನಲ್ಲಿ ಕೆಚ್ಚಲು ಊದಿ ಬಿಸಿಯಾಗುತ್ತದೆ, ಹಾಲು ಒಡೆಯುತ್ತದೆ. ಗುಪ್ತ ಬಾವಿನಲ್ಲಿ ಹೊರಲಕ್ಷಣವಿಲ್ಲ, ಇಳುವರಿ ಮಾತ್ರ ಕುಗ್ಗುತ್ತದೆ.

• ಪತ್ತೆ: ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್ (1957), ದ್ರಾವಣ ಬೆರೆಸಿದ ಹಾಲು ಲೋಳೆಯಾದರೆ ಸೋಂಕಿನ ಸೂಚನೆ. ಮಿ.ಲೀ.ಗೆ 2 ಲಕ್ಷ ಮೀರಿದ ದೇಹಕೋಶ ಎಣಿಕೆಯೂ ಸೂಚಕ.

• ತಡೆ: ಕರೆದೊಡನೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಸಮಯ ಬೇಕಾದ್ದರಿಂದ ಮೇವು ಹಾಕಿ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳಬೇಕು.