ಅಜ್ಜಿ ಏಕೆ ಒಪ್ಪುವುದಿಲ್ಲ?



ಜೀವವಿಕಾಸದ ಪಾಠವಾದ ಮರುದಿನ ಮಕ್ತಲದ ವಿದ್ಯಾರ್ಥಿಯೊಬ್ಬನು ಮುಖ ಸಣ್ಣದು ಮಾಡಿಕೊಂಡು ಬಂದನು. ರಾತ್ರಿ ಊಟದ ಹೊತ್ತಿನಲ್ಲಿ "ಮನುಷ್ಯ ಮಂಗನಿಂದ ಬಂದವನು" ಎಂದು ಹೇಳಿ, ಒಪ್ಪದ ಅಜ್ಜಿಗೆ "ನಿನಗೇನು ತಿಳೀತದ" ಎಂದುಬಿಟ್ಟಿದ್ದನಂತೆ. ಅಜ್ಜಿ ಅರ್ಧ ಊಟಕ್ಕೇ ಎದ್ದರು. ಏಳುವಾಗ ಅಂದ ಮಾತು ಇದು: "ಹಣಮಪ್ಪಗ ದಿನಾ ಕೈ ಮುಗಿತೀನಿ. ಮಂಗ್ಯಾನ ಬಳಗ ಅಂದ್ರ ನನಗೇನು ಸಿಟ್ಟಿಲ್ಲೋ. ಆದರ ಈ ಜನ್ಮ ಪುಣ್ಯೇದಿಂದ ಬಂದಿದ್ದಲ್ಲ, ಸುಮ್ನ ಬಂತು ಅಂದ್ರ ಹೆಂಗೋ?"

ಇದು ದಡ್ಡರ ಪ್ರಶ್ನೆಯಲ್ಲ. ಪಡಮಟಿ ಆಂಜನೇಯನ ಊರಿನಲ್ಲಿ ಕಪಿಯ ನೆಂಟಸ್ತಿಕೆ ಅವಮಾನವಾಗಲಾರದು. ಅಜ್ಜಿಗೆ ನೋವಾದದ್ದು ಬೇರೆ ಕಡೆ. 84 ಲಕ್ಷ ಯೋನಿಗಳನ್ನು ದಾಟಿ ದೊರೆತ ದುರ್ಲಭ ಜನ್ಮವಿದೆಂದು ಭಜನೆಯಲ್ಲಿ, ಪುರಾಣದಲ್ಲಿ ಕೇಳಿ ಬೆಳೆದವರು ಅವರು. ಆ ನಂಬಿಕೆಯಂತೆ ಜೀವನು ದೇಹದಿಂದ ದೇಹಕ್ಕೆ ಸಾಗುತ್ತಾನೆ. ಆನೆ ಆನೆಯಾಗಿ, ಇರುವೆ ಇರುವೆಯಾಗಿಯೇ ಉಳಿಯುತ್ತವೆ. ವಿಜ್ಞಾನ ಹೇಳುವುದಾದರೋ ವಂಶವೇ ತಲೆಮಾರುಗಳಲ್ಲಿ ಮೆಲ್ಲಗೆ ಬದಲಾಗುತ್ತದೆಂದು. ಅಲ್ಲಿ ಪುಣ್ಯಪಾಪಗಳ ಲೆಕ್ಕವಿಲ್ಲ. ನಮ್ಮ ಸೀಮೆಯಲ್ಲಿ ಬೇರೂರಿದ ಮಧ್ವಮತದಲ್ಲಂತೂ ಜೀವರೊಳಗಿನ ಭೇದ, ತಾರತಮ್ಯಗಳು ನಿತ್ಯವಾದವು. ಅದು ಆತ್ಮದ ಮಾತು, ಇದು ದೇಹದ ಮಾತು ಎಂದು ಬಿಡಿಸಿ ಹೇಳುವವರು ಬೇಕು. ನಾವು ಉಪಾಧ್ಯಾಯರೇ ಹೇಳುವುದಿಲ್ಲ. ಸಾಲಾಗಿ ನಿಂತ ಮಂಗಗಳ ಚಿತ್ರ ಬರೆಸಿ ಅಂಕ ಕೊಡುತ್ತೇವೆ.

ಕಾಲದ ವಿಷಯದಲ್ಲಿ ನಮ್ಮವರಿಗೆ ತೊಂದರೆಯಿಲ್ಲ. ಯುಗ, ಕಲ್ಪಗಳನ್ನು ಎಣಿಸಿದವರಿಗೆ ಕೋಟಿ ವರ್ಷ ದೊಡ್ಡದಲ್ಲ. ಬೈಬಲನ್ನು ಅಕ್ಷರಶಃ ಓದುವ ಕೆಲವು ಕ್ರೈಸ್ತರಿಗೆ ಮಾತ್ರ ಭೂಮಿಯ ವಯಸ್ಸು ಸುಮಾರು 6,000 ವರ್ಷ. ಅನೇಕ ಮುಸ್ಲಿಂ ಬಾಂಧವರಿಗೆ, ಆದಮನನ್ನು ದೇವರು ಮಣ್ಣಿನಿಂದ ರೂಪಿಸಿದನೆಂಬುದು ದೇವರದೇ ವಾಕ್ಯ. ಒಂದು ವಾಕ್ಯವನ್ನು ಬಿಟ್ಟರೆ ಮಿಕ್ಕವು ನಿಂತಾವೇ ಎಂಬ ಅಳುಕು ಸಹಜ. ಅಮೆರಿಕದಲ್ಲಿ 1925ರಲ್ಲಿ ವಿಕಾಸವಾದವನ್ನು ಕಲಿಸಿದ ಸ್ಕೋಪ್ಸ್ ಎಂಬ ಉಪಾಧ್ಯಾಯನಿಗೆ 100 ಡಾಲರ್ ದಂಡವಾಯಿತು. ಅವನ ವಿರುದ್ಧ ವಾದಿಸಿದ ಬ್ರಯನ್ ಬಡವರ ಪರ ಹೋರಾಡಿದ ಮುಖಂಡ. ಬಲಿಷ್ಠರು ದುರ್ಬಲರನ್ನು ತುಳಿಯಲು ಈ ವಾದ ನೆಪವಾದೀತೆಂಬುದು ಅವನ ನಿಜವಾದ ಭಯ. ಭಯ ಸುಳ್ಳಲ್ಲ, ತೀರ್ಮಾನ ತಪ್ಪು.

ಮಂಗ ಮನುಷ್ಯನಾದದ್ದನ್ನು ಯಾರು ಕಂಡರು ಎಂಬ ಮಾತನ್ನು 2018ರಲ್ಲಿ ಕೇಂದ್ರದ ಸಚಿವರೊಬ್ಬರೂ ಎತ್ತಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಉತ್ತರ ಕೊಟ್ಟವು. ಇಂದಿನ ಮಂಗ ನಮ್ಮ ತಾತನಲ್ಲ, ದಾಯಾದಿ. ಚಿಂಪಾಂಜಿಗೂ ನಮಗೂ ಹಿರಿಯರು ಒಬ್ಬರೇ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಮನೆತನ ಕವಲೊಡೆಯಿತು. ಹೀಗೆಂದು ಒಪ್ಪಿದ ಆಸ್ತಿಕರೂ ಇದ್ದಾರೆ. ವಿಕಾಸವಿಲ್ಲದೆ ಜೀವಶಾಸ್ತ್ರಕ್ಕೆ ಅರ್ಥವೇ ಇಲ್ಲವೆಂದು 1973ರಲ್ಲಿ ಬರೆದ ಡಾಬ್‌ಜಾನ್‌ಸ್ಕಿ ದೈವಭಕ್ತ ಕ್ರೈಸ್ತನೇ.

ತುಂಗಭದ್ರೆಯಾಚೆ, ಗದ್ವಾಲಕ್ಕೆ ದಕ್ಷಿಣದ ಬಿಲ್ಲಸುರ್ಗಂ ಗುಹೆಗಳಲ್ಲಿ ಬ್ರೂಸ್ ಫೂಟ್ 1880ರ ದಶಕದಲ್ಲಿ ಅಗೆಸಿದಾಗ, ಈಗ ನಮ್ಮ ಕಡೆ ಎಲ್ಲಿಯೂ ಕಾಣದ ಖಡ್ಗಮೃಗದ ಎಲುಬುಗಳು ಸಿಕ್ಕವು. ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಗೋದಾವರಿ ಸೀಮೆಯ ಯಾಮನಪಲ್ಲಿಯಿಂದ ತಂದ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರ ನಿಂತಿದೆ. 16 ಕೋಟಿ ವರ್ಷಕ್ಕೂ ಹಿಂದಿನದು.

ನಮ್ಮ ಹುಡುಗ ಪ್ರವಾಸದಲ್ಲಿ ಅದನ್ನು ಕಂಡು, ಚಿತ್ರ ಬರೆದು ತಂದು ಅಜ್ಜಿಯ ಮುಂದಿಟ್ಟನು. ಈ ಸಲ ವಾದ ಮಾಡಲಿಲ್ಲ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇಷ್ಟು ದೊಡ್ಡದು, ಏನು ತಿಂತಿತ್ತೋ ಪಾಪ?" ಎಂದು ಕೇಳಿದರಂತೆ. "ಬರೇ ಸೊಪ್ಪು, ಅಜ್ಜಿ" ಎಂದನಂತೆ.